ಹಳೆಯ ಲೆಗೊ ಇಟ್ಟಿಗೆಗಳಲ್ಲಿ ಒಂದು ಕೋಟೆ, ಒಂದು ಪೇಟೆ: ಕಟ್ಟಿದ ಕ್ರಮ

ಕೋಟೆಯನ್ನೂ ಪೇಟೆಯನ್ನೂ ಹಳೆಯ ಲೆಗೊ ಇಟ್ಟಿಗೆಗಳಲ್ಲೇ ಒಂದು ಹಲಗೆಯ ಮೇಲೆ ಕಟ್ಟಬೇಕೆಂದು ಹೊರಟಾಗ, ನಕ್ಷೆ ಬರೆಯುವುದಕ್ಕಿಂತ ಮೊದಲು ಕಾಲದ ಮೇರೆಯನ್ನು ಗೊತ್ತುಮಾಡಿಕೊಂಡೆ. ಡೆನ್ಮಾರ್ಕಿನ ಲೆಗೊ ಸಂಸ್ಥೆಯು ಕೈಕಾಲು ಆಡುವ ಪುಟ್ಟ ಮನುಷ್ಯಾಕೃತಿಗಳನ್ನು, ಅಂದರೆ ಮಿನಿಫಿಗರ್‌ಗಳನ್ನು, ಹೊರತಂದದ್ದು 1978ರಲ್ಲಿ. ಕೋಟೆ, ಪೇಟೆ, ಬಾಹ್ಯಾಕಾಶ ಎಂಬ ಮೂರು ಮಾಲಿಕೆಗಳು ಆ ಆಕೃತಿಗಳ ಜೊತೆಯಲ್ಲೇ ಬೆಳೆದವು. 1990ರ ದಶಕ ಮುಂದುವರಿದಂತೆ ಬಣ್ಣಗಳೂ ಅಚ್ಚುಗಳೂ ಹೆಚ್ಚುತ್ತಾ ಹೋಗಿ ಈ ಮಾಲಿಕೆಗಳ ಚಹರೆಯೇ ಬದಲಾಯಿತು. ಆದ್ದರಿಂದ 1978ರಿಂದ 1992ರವರೆಗೆ ಬಳಕೆಯಲ್ಲಿದ್ದ ಬಿಡಿಭಾಗಗಳನ್ನು ಬಿಟ್ಟು ಬೇರೆ ಯಾವುದನ್ನೂ ಕಣ್ಣಿಗೆ ಬೀಳುವ ಜಾಗದಲ್ಲಿ ಇಡಬಾರದು ಎಂಬ ಕಟ್ಟಳೆಯನ್ನು ಹಾಕಿಕೊಂಡು ಕೆಲಸ ಶುರುಮಾಡಿದೆ.

ಈ ಕಟ್ಟಳೆಗೆ ಕಾರಣವಿದೆ. 1984ರಲ್ಲಿ ಬಂದ 6080 ಸಂಖ್ಯೆಯ ರಾಜನ ಕೋಟೆ ಎಂಬ ಸೆಟ್ಟಿನಲ್ಲಿ ಇದ್ದದ್ದು 674 ಬಿಡಿಭಾಗಗಳು. ಅದೇ ಕೋಟೆಯನ್ನು ನೆನಪಿಸುವಂತೆ 2022ರಲ್ಲಿ ಬಂದ 10305 ಸಂಖ್ಯೆಯ ಸಿಂಹ ಲಾಂಛನದ ಕೋಟೆಯಲ್ಲಿ 4514 ಬಿಡಿಭಾಗಗಳಿವೆ. ಎರಡನೆಯದು ನಿಜಕ್ಕೂ ಅದ್ಭುತವಾದ ಕೆಲಸ. ಆದರೆ ಅದರಲ್ಲಿ ಇಟ್ಟಿಗೆಗಳು ಕಲ್ಲಿನ ಒರಟುತನವನ್ನೂ ಮರದ ಗೆರೆಯನ್ನೂ ಅನುಕರಿಸಲು ದುಡಿಯುತ್ತವೆ. ಹಳೆಯ ಕೋಟೆಯಲ್ಲಿ ಇಟ್ಟಿಗೆ ಇಟ್ಟಿಗೆಯಾಗಿಯೇ ಉಳಿಯುತ್ತದೆ, ನೋಡುವವರ ಕಣ್ಣು ಅದನ್ನು ಗೋಡೆ ಎಂದು ಒಪ್ಪಿಕೊಳ್ಳುತ್ತದೆ. ಬಾಲ್ಯದಲ್ಲಿ ಆ ಕೋಟೆಗಳನ್ನು ಕಟ್ಟಿದವರಿಗೆ ಮತ್ತೆ ಬೇಕೆನಿಸುವುದು ಈ ಮಿತವ್ಯಯವೇ ಎಂದು ನಾನು ಬಲವಾಗಿ ನಂಬುತ್ತೇನೆ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು, ಬೂದು ಎಂಬ ಆರು ಬಣ್ಣಗಳ ಆಚೆಗೆ ಒಂದು ಹೊಸ ಛಾಯೆ ನುಸುಳಿದರೂ ದೃಶ್ಯದ ವಯಸ್ಸು ಕೆಡುತ್ತದೆ.

ಇಟ್ಟಿಗೆಗಳು ಬಂದದ್ದು ಯಾರೋ ಅಟ್ಟದಿಂದ ಇಳಿಸಿದ ಪೆಟ್ಟಿಗೆಗಳಿಂದ. ಎಲ್ಲ ಕಾಲದ್ದೂ ಬೆರೆತಿತ್ತು. ವಿಂಗಡಣೆಯಲ್ಲಿ ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಬೂದು ಬಣ್ಣ. 2004ರ ಸುಮಾರಿಗೆ ಸಂಸ್ಥೆಯು ತನ್ನ ತಿಳಿ ಬೂದು ಮತ್ತು ಕಡು ಬೂದು ಬಣ್ಣಗಳೆರಡನ್ನೂ ಬದಲಿಸಿ ನೀಲಿ ಛಾಯೆಯ ಬೂದುಗಳನ್ನು ತಂದಿತು. ಹಳೆಯ ತಿಳಿ ಬೂದಿನಲ್ಲಿ ಹಸಿರು ಹಳದಿಗಳ ಸೋಂಕಿರುವ ಒಂದು ಬೆಚ್ಚನೆಯ ಛಾಯೆಯಿದೆ. ಹೊಸದರಲ್ಲಿ ತಣ್ಣನೆಯ ನೀಲಿಯಿದೆ. ರಾತ್ರಿ ಹಳದಿ ದೀಪದ ಕೆಳಗೆ ಎರಡೂ ಒಂದೇ ಎನ್ನಿಸುತ್ತವೆ. ಹಾಗಾಗಿ ಬೂದು ಇಟ್ಟಿಗೆಗಳ ವಿಂಗಡಣೆಯನ್ನು ಹಗಲಿನಲ್ಲಿ, ಕಿಟಕಿಯ ಪಕ್ಕ, ಬಿಳಿ ಕಾಗದದ ಮೇಲೆ ಮಾತ್ರ ಮಾಡಿದೆ. ಖಚಿತವಾಗಿ ಹಳೆಯದೆಂದು ಗೊತ್ತಿರುವ ಒಂದು ಕೋಟೆಗೋಡೆಯ ಹಲಗೆಯನ್ನು ನಡುವೆ ಇಟ್ಟುಕೊಂಡು, ಪ್ರತಿ ಇಟ್ಟಿಗೆಯನ್ನೂ ಅದರ ಅಂಚಿಗೆ ತಾಗಿಸಿ ನೋಡಿದರೆ ವ್ಯತ್ಯಾಸ ತಟ್ಟನೆ ಎದ್ದು ಕಾಣುತ್ತದೆ. ದೂರದೂರ ಇಟ್ಟು ಹೋಲಿಸಿದರೆ ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

ವಿಂಗಡಿಸುವಾಗ ಇನ್ನೊಂದು ಗುಂಪನ್ನೂ ಬೇರೆ ಮಾಡಬೇಕಾಯಿತು. ಇಂದಿಗೂ ಬಳಕೆಯಲ್ಲಿರುವ, ಮೇಲೆ ಸ್ಟಡ್ ಎಂಬ ಗುಂಡನೆಯ ಉಬ್ಬುಗಳು, ಒಳಗೆ ಕೊಳವೆ ಇರುವ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಬಿದ್ದದ್ದು 1958ರ ಜನವರಿ 28ರಂದು. ಮೊದಲ ವರ್ಷಗಳಲ್ಲಿ ಅದನ್ನು ಸೆಲ್ಯುಲೋಸ್ ಅಸಿಟೇಟಿನಲ್ಲಿ ಅಚ್ಚುಹಾಕುತ್ತಿದ್ದರು. 1963ರಿಂದ ಎಬಿಎಸ್ ಪ್ಲಾಸ್ಟಿಕ್ ಬಂತು. ಅಸಿಟೇಟಿನ ಇಟ್ಟಿಗೆಗಳು ಕಾಲಕ್ರಮದಲ್ಲಿ ಸೊಟ್ಟಗಾಗುತ್ತವೆ. ಮಟ್ಟಸವಾದ ಗಾಜಿನ ಮೇಲೆ ಮಗುಚಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರೆ ಎದುರು ಮೂಲೆ ಏಳುತ್ತದೆ. ಅಂಥವು ಸಂಗ್ರಹಕ್ಕೆ ಬೆಲೆಬಾಳುವ ವಸ್ತುಗಳೇ ಆದರೂ ಗೋಡೆಗೆ ಬೇಡ. ಒಂದು ಸೊಟ್ಟ ಇಟ್ಟಿಗೆ ಮೇಲಿನ ನಾಲ್ಕು ವರಸೆಗಳನ್ನು ಸಡಿಲಗೊಳಿಸುತ್ತದೆ.

ತೊಳೆಯಲು ಬಳಸಿದ್ದು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಪಾತ್ರೆ ತೊಳೆಯುವ ದ್ರವ. 40 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ನೀರು ಬೇಡ, ಬಟ್ಟೆ ಒಗೆಯುವ ಯಂತ್ರವೂ ಬೇಡ ಎಂಬುದು ತಯಾರಕರದೇ ಸಲಹೆ. ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸ್ಟಡ್‌ಗಳ ನಡುವಿನ ಸಂದುಗಳನ್ನು ತಿಕ್ಕಿ, ಎರಡು ಬಾರಿ ಶುದ್ಧ ನೀರಿನಲ್ಲಿ ಜಾಲಿಸಿ, ಹತ್ತಿಯ ಬಟ್ಟೆಯ ಮೇಲೆ ಬಾಯಿ ಕೆಳಗಾಗಿ ಹರಡಿದೆ. ಒಳಗಿನ ಕೊಳವೆಗಳಲ್ಲಿ ನಿಂತ ನೀರು ಇಳಿಯಲು ಒಂದಿಡೀ ದಿನ ಬಿಡುವುದು ಒಳ್ಳೆಯದು. ಅಂಟುಚೀಟಿ ಇರುವ ಭಾಗಗಳನ್ನು ಮಾತ್ರ ನೀರಿಗೆ ಹಾಕಲೇಬಾರದು; ಅವುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಹಳದಿಗಟ್ಟುವಿಕೆ. ಎಬಿಎಸ್‌ನಲ್ಲಿರುವ ಬ್ಯೂಟಡೀನ್ ಅಂಶವು ಬಿಸಿಲಿನ ಅತಿನೇರಳೆ ಕಿರಣಕ್ಕೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿ ಮೇಲ್ಪದರದಲ್ಲಿ ಬಣ್ಣಗೆಡುತ್ತದೆ. ಬಿಳಿ, ತಿಳಿ ಬೂದು, ನೀಲಿಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ಮೇಲೇಳುವ ಗುಳ್ಳೆಗಳು ಇಟ್ಟಿಗೆಗಳನ್ನು ತೇಲಿಸುವುದರಿಂದ, ಅವು ಮೇಲಕ್ಕೆ ಬರದಂತೆ ಒಂದು ಗಾಜಿನ ತಟ್ಟೆಯನ್ನು ಹೇರಿದ್ದೆ; ಆಗಾಗ ಕಲಕದಿದ್ದರೆ ಗುಳ್ಳೆ ನಿಂತ ಜಾಗದಲ್ಲಿ ಕಲೆ ಉಳಿಯುತ್ತದೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಆದರೆ ಈ ಉಪಚಾರವನ್ನು ಎಲ್ಲದಕ್ಕೂ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬಣ್ಣ ಮತ್ತೆ ಕಾಲಕ್ರಮದಲ್ಲಿ ಕೆಡುತ್ತದೆ, ಪದೇ ಪದೇ ಮಾಡಿದರೆ ಮೇಲ್ಮೈಯ ಹೊಳಪೂ ಹೋಗುತ್ತದೆ. ಪೇಟೆಯ ಬಿಳಿ ಮನೆಗಳಿಗೆ ಬೇಕಾದ ಇಟ್ಟಿಗೆಗಳಿಗೆ ಮಾತ್ರ ಉಪಚಾರ ಮಾಡಿ, ಸ್ವಲ್ಪ ಬಾಡಿದ ಬೂದು ಇಟ್ಟಿಗೆಗಳನ್ನು ಹಾಗೆಯೇ ಕೋಟೆಗೆ ಉಳಿಸಿಕೊಂಡೆ. ಒಂದೇ ಕಡೆ ಗುಂಪಾಗಿ ಇಡದೆ ಗೋಡೆಯುದ್ದಕ್ಕೂ ಚದುರಿಸಿದರೆ ಅವು ಮಳೆಬಿಸಿಲು ಕಂಡ ಕಲ್ಲಿನಂತೆಯೇ ಕಾಣುತ್ತವೆ.

ಹಲಗೆಯ ವಿನ್ಯಾಸಕ್ಕೆ ಬರುತ್ತೇನೆ. ಸ್ಟಡ್‌ನಿಂದ ಸ್ಟಡ್‌ಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಪ್ಲೇಟ್ ಎಂಬ ತೆಳು ತುಂಡು ಅದರ ಮೂರನೇ ಒಂದು ಭಾಗ, ಅಂದರೆ 3.2. ಈ ಮೂರು ಸಂಖ್ಯೆಗಳು ತಲೆಯಲ್ಲಿದ್ದರೆ ಮಿಕ್ಕ ಲೆಕ್ಕವೆಲ್ಲ ತಾನಾಗಿ ಬರುತ್ತದೆ. 32 ಸ್ಟಡ್ ಚೌಕದ ಒಂದು ಬೇಸ್‌ಪ್ಲೇಟ್, ಅಂದರೆ ನೆಲವಾಗಿ ಹಾಸುವ ತಳಹಲಗೆ, 25.6 ಸೆಂಟಿಮೀಟರ್ ಆಗುತ್ತದೆ. ಅಂಥ ಒಂಬತ್ತನ್ನು ಮೂರು ಸಾಲಾಗಿ ಪ್ಲೈವುಡ್ ಹಲಗೆಯ ಮೇಲೆ ಜೋಡಿಸಿದೆ. ಮುಂದಿನ ಸಾಲು ಕೋಟೆಗೆ, ಹಿಂದಿನ ಸಾಲು ರಸ್ತೆ ಮುದ್ರಿತವಾದ ಬೇಸ್‌ಪ್ಲೇಟ್‌ಗಳೊಂದಿಗೆ ಪೇಟೆಗೆ, ನಡುವಿನ ಸಾಲು ಎರಡನ್ನೂ ಬೇರೆ ಮಾಡುವ ಗುಡ್ಡಕ್ಕೆ. ಕೋಟೆಯ ಕಡೆ ಕುಳಿತವರಿಗೆ ಪೆಟ್ರೋಲ್ ಬಂಕ್ ಕಾಣಬಾರದು; ಪೇಟೆಯ ಕಡೆ ಕುಳಿತವರಿಗೆ ಕಂದಕ ಕಾಣಬಾರದು. ಆದರೆ ಪೇಟೆಯ ಬೀದಿಯಿಂದ ಕತ್ತೆತ್ತಿದರೆ ಗುಡ್ಡದ ನೆತ್ತಿಯಲ್ಲಿ ಒಂದು ಬುರುಜಿನ ತೆನೆಗಳು ಮಾತ್ರ ಕಾಣುವಂತೆ ಮಾಡಿದ್ದೇನೆ. ಬೆಟ್ಟದ ಮೇಲೆ ಹಳೆಯ ಕೋಟೆ, ತಪ್ಪಲಿನಲ್ಲಿ ಈಗಿನ ಊರು ಎಂಬುದು ಲೋಕದಲ್ಲಿ ಎಷ್ಟೋ ಕಡೆ ಇರುವ ದೃಶ್ಯವೇ. ಎರಡು ಮಾಲಿಕೆಗಳನ್ನು ಒಂದೇ ನೆಲದ ಮೇಲೆ ಸಮಾಧಾನದಿಂದ ಕೂರಿಸಲು ನನಗೆ ಹೊಳೆದ ದಾರಿ ಇದೊಂದೇ.

ಗುಡ್ಡದ ಒಡಲನ್ನು ಸಾಮಾನ್ಯ ಇಟ್ಟಿಗೆಗಳಿಂದ ತುಂಬಿಸಹೊರಟರೆ ಸಂಗ್ರಹವೆಲ್ಲ ಅಲ್ಲೇ ಮುಗಿಯುತ್ತದೆ. ಅದಕ್ಕೆ ಲೆಗೊ ಸಂಸ್ಥೆಯು ಪುಟ್ಟ ಮಕ್ಕಳಿಗಾಗಿ ಮಾಡುವ ಡ್ಯೂಪ್ಲೊ ಇಟ್ಟಿಗೆಗಳನ್ನು ಬಳಸಿದೆ. 1969ರಿಂದ ಇರುವ ಡ್ಯೂಪ್ಲೊ ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡರಷ್ಟು ದೊಡ್ಡದು, ಹಾಗಾಗಿ ಒಂದು ಡ್ಯೂಪ್ಲೊ ಅದೇ ಆಕಾರದ ಎಂಟು ಇಟ್ಟಿಗೆಗಳ ಜಾಗ ತುಂಬುತ್ತದೆ. ಸಾಮಾನ್ಯ 2×4 ಇಟ್ಟಿಗೆಗಳು ಅದರ ಮೇಲೆ ಗಟ್ಟಿಯಾಗಿ ಕೂರುತ್ತವೆ. ಎಂಟು ಅಂತಸ್ತು ಡ್ಯೂಪ್ಲೊ ಎಂದರೆ ಹದಿನಾರು ವರಸೆ, ಸುಮಾರು 15 ಸೆಂಟಿಮೀಟರ್. ಹೊರಮೈಗೆ ಬೂದು ಮತ್ತು ಕಪ್ಪು ಇಳಿಜಾರು ಇಟ್ಟಿಗೆಗಳು. ಆ ಕಾಲದ ಸೆಟ್‌ಗಳಲ್ಲಿ ಹಸಿರು ಬಹುಮಟ್ಟಿಗೆ ಬೇಸ್‌ಪ್ಲೇಟ್‌ಗೂ ಗಿಡಮರಗಳಿಗೂ ಮೀಸಲಾಗಿದ್ದುದರಿಂದ ಗುಡ್ಡವನ್ನು ಹುಲ್ಲಿನಿಂದ ಹೊದಿಸದೆ ಬಂಡೆಯಾಗಿಯೇ ಬಿಟ್ಟು, ಸಂದುಗಳಲ್ಲಿ ಶಂಕುವಿನಾಕಾರದ ಮರಗಳನ್ನು ನಿಲ್ಲಿಸಿದೆ.

ಕೋಟೆಗೆ ಯಾವ ಬಣ್ಣ ಎಂಬುದರಲ್ಲಿ ಸ್ವಲ್ಪ ತೂಗಾಟವಿತ್ತು. 1978ರ 375 ಸಂಖ್ಯೆಯ ಮೊದಲ ಕೋಟೆ ಪೂರ್ತಿ ಹಳದಿ; ಅದರ ಕುದುರೆಗಳನ್ನೂ ಇಟ್ಟಿಗೆಗಳಿಂದಲೇ ಜೋಡಿಸಬೇಕಿತ್ತು. 1984ರಲ್ಲಿ ಬೂದು ಕೋಟೆಗಳ ಜೊತೆಗೆ ಒಂದೇ ಅಚ್ಚಿನ ಕುದುರೆಯೂ, ಆರು ಇಟ್ಟಿಗೆ ಎತ್ತರದ ಗೋಡೆ ಹಲಗೆಗಳೂ ಬಂದವು. ನನ್ನ ಪೆಟ್ಟಿಗೆಗಳಲ್ಲಿ ಬೂದು ಹಲಗೆಗಳು ಧಾರಾಳವಾಗಿದ್ದರಿಂದ ಹೊರಗೋಡೆಯನ್ನು ಬೂದಿನಲ್ಲಿ ಕಟ್ಟಿ, ಹಳದಿಯನ್ನು ಗುಡ್ಡದ ಹೆಗಲ ಮೇಲಿನ ಒಳಬುರುಜಿಗೆ ಇಟ್ಟುಕೊಂಡೆ. ಪೇಟೆಯಿಂದ ಕಾಣುವ ತೆನೆಗಳು ಅದರವೇ.

ಗೋಡೆ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದಾಗ ಅವುಗಳ ನಡುವೆ ನೆಲದಿಂದ ತುದಿಯವರೆಗೆ ಒಂದೇ ನೇರ ಸಂದು ಉಳಿಯುತ್ತದೆ. ಅಲ್ಲಿ ಗೋಡೆ ಬಾಗಿಲಿನಂತೆ ಅಲ್ಲಾಡುತ್ತದೆ. ಹಲಗೆಗಳ ನೆತ್ತಿಯ ಮೇಲೆ 1×8 ಮತ್ತು 1×6 ಇಟ್ಟಿಗೆಗಳ ಒಂದು ವರಸೆಯನ್ನು ಸಂದು ತಪ್ಪಿಸಿ ಎಳೆದು, ಅದರ ಮೇಲೆ ಇನ್ನೂ ಎರಡು ವರಸೆ ಏರಿಸಿದ ಮೇಲೆ ಗೋಡೆ ಬಿಗಿಯಾಯಿತು. ಹೀಗೆ ಕಾವಲುಹಾದಿಯ ಎತ್ತರ ಒಂಬತ್ತು ವರಸೆ. ಮಿನಿಫಿಗರ್‌ನ ಎತ್ತರ ಸುಮಾರು ನಾಲ್ಕು ಸೆಂಟಿಮೀಟರ್ ಆದ್ದರಿಂದ ಗೋಡೆ ಇಬ್ಬರು ಆಳೆತ್ತರಕ್ಕಿಂತ ತುಸು ಹೆಚ್ಚಾಗುತ್ತದೆ. ಹತ್ತಾರು ವರ್ಷ ಕೈಯಾಡಿ ಹಿಡಿತ ಸಡಿಲವಾದ ಇಟ್ಟಿಗೆಗಳನ್ನು ನಡುವಿನ ವರಸೆಗಳಲ್ಲಿ, ಮೇಲೆ ಕೆಳಗೆ ಬಿಗಿ ಇಟ್ಟಿಗೆಗಳ ಮಧ್ಯೆ, ಸಿಕ್ಕಿಸಿದೆ. ತೆನೆಗಳಿಗೂ ಬಾಗಿಲ ಚೌಕಟ್ಟಿಗೂ ಗಟ್ಟಿಯಾದುವೇ ಬೇಕು, ಏಕೆಂದರೆ ಕೈ ಮೊದಲು ತಾಗುವುದು ಅಲ್ಲಿ.

ಎಡಗೋಡೆಯನ್ನು ಕೀಲುಗಳ ಮೇಲೆ ತೆರೆಯುವಂತೆ ಮಾಡಿದ್ದೇನೆ. ಹಳೆಯ ಕೋಟೆಗಳ ಸೊಗಸೇ ಹಾಗೆ ಬಿಚ್ಚಿಕೊಂಡು ಒಳಗನ್ನು ತೋರಿಸುವುದರಲ್ಲಿದೆ. ತೆರೆಯುವ ಗೋಡೆಯ ಅಡಿ ನೆಲದ ಸ್ಟಡ್‌ಗಳ ಮೇಲೆ ಸಿಕ್ಕಿಕೊಂಡರೆ ಅದು ತಿರುಗುವುದೇ ಇಲ್ಲ. ಅದಕ್ಕಾಗಿ ಗೋಡೆ ಚಲಿಸುವ ವೃತ್ತದ ಹಾದಿಯಲ್ಲೆಲ್ಲ ಸ್ಟಡ್ ಇಲ್ಲದ ನುಣುಪಾದ ಟೈಲ್‌ಗಳನ್ನು ಹಾಸಿ, ಸ್ಥಿರವಾಗಿ ನಿಲ್ಲುವ ಗೋಡೆಯನ್ನೂ ಒಂದು ಪ್ಲೇಟ್‌ನಷ್ಟು ಎತ್ತರಿಸಿದರೆ ಎರಡರ ವರಸೆಗಳು ಸಮನಾಗಿ ಕೂಡುತ್ತವೆ. ಕೀಲು ಎರಡು ಬೇಕು, ಒಂದು ಬುಡದಲ್ಲಿ, ಇನ್ನೊಂದು ನೆತ್ತಿಯ ಹತ್ತಿರ, ಎರಡೂ ಒಂದೇ ಲಂಬರೇಖೆಯಲ್ಲಿ. ಬೆರಳು ಹೆಣೆದಂತೆ ಕೂಡುವ ಹಳೆಯ ಕೀಲು ಪ್ಲೇಟ್‌ಗಳ ಎಳೆಗಳು ವಯಸ್ಸಾದಂತೆ ಸೀಳುತ್ತವೆ. ಆದ್ದರಿಂದ ಭಾರ ಬೀಳುವ ಕಡೆ ಅವನ್ನು ಬಿಟ್ಟು, ಎರಡು ತುಂಡು ಸುತ್ತಿ ತಿರುಗುವ ಇಟ್ಟಿಗೆಯ ಕೀಲುಗಳನ್ನೇ ಆರಿಸಿದೆ.

ಹೆಬ್ಬಾಗಿಲಿನ ಮುಂದೆ ಕಂದಕವಿದೆ. ಬೇಸ್‌ಪ್ಲೇಟಿನ ಮೇಲೆ ನೀಲಿ ಪ್ಲೇಟ್ ಹಾಸಿದಾಗ ನೀರೇ ನೆಲಕ್ಕಿಂತ ಮೇಲೇರುತ್ತದೆ. ದಡವನ್ನು ಒಂದು ಇಟ್ಟಿಗೆ ಎತ್ತರಿಸಿದ ಮೇಲೆ ನೀರು ದಡಕ್ಕಿಂತ 6.4 ಮಿಲಿಮೀಟರ್ ತಗ್ಗಿನಲ್ಲಿ ಉಳಿಯಿತು. ಅದರ ಮೇಲೆ ಎಂಟು ಸ್ಟಡ್ ಉದ್ದದ ಎತ್ತುಸೇತುವೆ, ದಾರ ಸುತ್ತುವ ಹಿಡಿಕೆಯೊಂದಿಗೆ. ದಾರ ಹೊರಬರುವ ತೂತು ಎಷ್ಟು ಎತ್ತರದಲ್ಲಿರಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಸೇತುವೆಯ ಉದ್ದ 64 ಮಿಲಿಮೀಟರ್. ತೂತು ಕೀಲಿನಿಂದ ಏಳು ಇಟ್ಟಿಗೆ, ಅಂದರೆ 67.2 ಮಿಲಿಮೀಟರ್, ಮೇಲಿದ್ದರೆ ಮಲಗಿರುವ ಸೇತುವೆಯ ತುದಿಯನ್ನು ದಾರ ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಎಳೆಯುತ್ತದೆ. ಮೂರು ನಾಲ್ಕು ಇಟ್ಟಿಗೆ ಎತ್ತರದಲ್ಲಿ ತೂತಿಟ್ಟರೆ ಎಳೆತದ ಬಹುಪಾಲು ಸೇತುವೆಯನ್ನು ಎತ್ತುವ ಬದಲು ಗೋಡೆಯ ಕಡೆಗೆ ನೂಕಿ ಕೀಲನ್ನು ಹಿಂಸಿಸುತ್ತದೆ. ಲೆಗೊದ ಯಂತ್ರಮಾದರಿಗಳ ಮಾಲಿಕೆಯಾದ ಟೆಕ್ನಿಕ್‌ನ ತೂತಿರುವ ಇಟ್ಟಿಗೆ 1977ರಿಂದಲೇ ಇರುವುದರಿಂದ ನನ್ನ ಕಟ್ಟಳೆಗೆ ಭಂಗವೂ ಬರಲಿಲ್ಲ. ಎತ್ತಿದ ಸೇತುವೆ ತಾನಾಗಿ ಇಳಿಯದಂತೆ ಹಿಡಿಕೆಯ ತೋಳು ಒಂದು ಟೈಲಿನ ಅಂಚಿಗೆ ಒರಗಿ ನಿಲ್ಲುತ್ತದೆ.

ಕೋಟೆಯ ಪಕ್ಕದಲ್ಲಿ ಒಂದು ಸಣ್ಣ ತಂಗುಮನೆಯೂ ಇದೆ. 1986ರ 6067 ಸಂಖ್ಯೆಯ ಛತ್ರದ ಸೆಟ್ಟು ಎಷ್ಟು ಜನರ ಮನಸ್ಸಿನಲ್ಲಿ ಉಳಿದಿತ್ತೆಂದರೆ 2001ರಲ್ಲಿ ಅದನ್ನು 10000 ಎಂಬ ಸಂಖ್ಯೆಯಲ್ಲಿ ಮತ್ತೆ ಹೊರತಂದರು. ನಾನು ಅದರ ನಕಲು ಮಾಡದೆ, ಬಿಳಿ ಗೋಡೆಗೆ ಕಪ್ಪು ಇಟ್ಟಿಗೆಗಳ ಮರದ ಚೌಕಟ್ಟು ಕೊಟ್ಟು ಕೆಂಪು ಮಾಡು ಹೊದಿಸಿದೆ.

ಪೇಟೆಯ ಕೆಲಸ ಹೆಚ್ಚು ಸಲೀಸಾಗಿ ಸಾಗಿತು. ಅಗ್ನಿಶಾಮಕ ಠಾಣೆ, ಪೆಟ್ರೋಲ್ ಬಂಕ್, ಎರಡು ವಾಸದ ಮನೆಗಳು. ಹಿಂಬದಿ ತೆರೆದಿರುವುದು ಆ ಕಾಲದ ಪದ್ಧತಿ, ಅದು ಗುಡ್ಡದ ಕಡೆಗೆ ಮುಖಮಾಡಿದೆ. ಕಾರುಗಳೆಲ್ಲ ನಾಲ್ಕು ಸ್ಟಡ್ ಅಗಲದವೇ ಆಗಿರಬೇಕು, ಏಕೆಂದರೆ ಹಳೆಯ ರಸ್ತೆಯ ಪಥಗಳೂ ಗ್ಯಾರೇಜಿನ ಬಾಗಿಲುಗಳೂ ಆ ಅಳತೆಗೇ ಒಪ್ಪುತ್ತವೆ. ಮನೆಯ ಮಾಡಿನ ವಿಷಯದಲ್ಲಿ ಒಂದು ಲೆಕ್ಕವನ್ನು ಹೇಳಲೇಬೇಕು. ಹದಿನಾರು ಸ್ಟಡ್ ಆಳದ ಮನೆಗೆ 45 ಡಿಗ್ರಿಯ ಇಳಿಜಾರು ಇಟ್ಟಿಗೆ ಬಳಸಿದರೆ ಪ್ರತಿ ವರಸೆಗೆ ಒಂದೇ ಸ್ಟಡ್ ಒಳಸರಿಯುವುದರಿಂದ ಮಾಡು ಎಂಟು ವರಸೆ ಏರುತ್ತದೆ. ಆರು ವರಸೆಯ ಗೋಡೆಗಿಂತ ಮಾಡೇ ಎತ್ತರವಾಗಿ ಮನೆ ಟೋಪಿ ಹಾಕಿಕೊಂಡ ಮಗುವಿನಂತಾಗುತ್ತದೆ. 33 ಡಿಗ್ರಿಯ ಇಟ್ಟಿಗೆ ಎರಡೆರಡು ಸ್ಟಡ್ ಒಳಸರಿಯುತ್ತದೆ. ಶಿಖರದ ತುಂಡು ಸೇರಿ ನಾಲ್ಕೇ ವರಸೆಯಲ್ಲಿ ಮಾಡು ಮುಗಿಯುತ್ತದೆ. ಬೀದಿಯ ಎರಡು ಮನೆಗಳಿಗೂ ಅದನ್ನೇ ಹಾಕಿದೆ.

ಅಗ್ನಿಶಾಮಕ ಠಾಣೆಯ ಹೆಸರಿನ ಪಟ್ಟಿ ಮಾತ್ರ ವಿಶೇಷ ಜತನ ಕೇಳಿತು. ಹಳೆಯ ಸೆಟ್‌ಗಳಲ್ಲಿ ಒಂದೇ ಅಂಟುಚೀಟಿಯನ್ನು ಎರಡು ಮೂರು ಇಟ್ಟಿಗೆಗಳ ಮೇಲೆ ಅಡ್ಡಲಾಗಿ ಅಂಟಿಸುವ ರೂಢಿಯಿತ್ತು. ಆ ಇಟ್ಟಿಗೆಗಳನ್ನು ಬಿಡಿಸಿದರೆ ಚೀಟಿ ಸಂದಿನಲ್ಲಿ ಹರಿಯುತ್ತದೆ. ನನಗೆ ಸಿಕ್ಕ ಪಟ್ಟಿಯ ಚೀಟಿ ನಡುವಿನ ಸಂದಿನ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟು, ಎಡತುದಿ ಸುರುಳಿಯಾಗಿ ಎದ್ದಿತ್ತು. ಆ ತುಂಡನ್ನು ಬಿಡಿಸದೆ ಇಡಿಯಾಗಿ ಒಂದೇ ಭಾಗವೆಂದು ಎಣಿಸಿ, ಠಾಣೆಯ ಮುಂಗೋಡೆಯನ್ನು ಅದರ ಸುತ್ತ ಕಟ್ಟಿದೆ. ಎದ್ದ ತುದಿಯ ಮೇಲೆ ಒಂದು ಸ್ಟಡ್ ಅಗಲದ ಚಾಚು ಬರುವಂತೆ ಪ್ಲೇಟ್ ಇಟ್ಟದ್ದರಿಂದ ಅದು ಬೆಳಕಿಗೂ ಬೆರಳಿಗೂ ಸಿಗದೆ ಉಳಿಯುತ್ತದೆ.

ಕೊನೆಗೆ ಜನ. 1989ರಲ್ಲಿ ಕಡಲ್ಗಳ್ಳರ ಮಾಲಿಕೆ ಬರುವವರೆಗೆ ಎಲ್ಲ ಮಿನಿಫಿಗರ್‌ಗಳಿಗೂ ಒಂದೇ ಮುಖ: ಎರಡು ಚುಕ್ಕಿ ಕಣ್ಣು, ಒಂದು ನಗೆಗೆರೆ. ಕಾವಲುಗಾರನೂ ಅಂಚೆಯವನೂ ಅದೇ ನಗೆ ನಗುತ್ತಾರೆ. ಈ ಸಮಾನತೆಯನ್ನು ನಾನು ಕಾಪಾಡಿಕೊಂಡಿದ್ದೇನೆ. ಗಡ್ಡಮೀಸೆಯ ಒಂದು ಮುಖವನ್ನು ಇಟ್ಟುನೋಡಿದಾಗ ಕಣ್ಣು ಕೋಟೆಯನ್ನು ಬಿಟ್ಟು ಅಲ್ಲಿಗೇ ಹೋಗುತ್ತಿತ್ತು. ಹಳೆಯ ಆಕೃತಿಗಳ ಎದೆಭಾಗ ಕಂಕುಳಿನ ಕೆಳಗೆ ಸೀಳುವುದು ಸಾಮಾನ್ಯ. ಅಂಟು ಹಾಕಲು ನನಗೆ ಮನಸ್ಸಿಲ್ಲ. ಸೀಳಿದವರನ್ನು ತೋಳು ಎತ್ತಬೇಕಿಲ್ಲದ ಕೆಲಸಗಳಿಗೆ, ಅಂದರೆ ತೆನೆಯ ಹಿಂದೆ ನಿಲ್ಲುವುದಕ್ಕೆ, ಕಾರಿನಲ್ಲಿ ಕೂರುವುದಕ್ಕೆ ನೇಮಿಸಿ, ಈಟಿ ಹಿಡಿಯಬೇಕಾದ ಕಡೆ ಗಟ್ಟಿ ದೇಹದವರನ್ನು ನಿಲ್ಲಿಸಿದೆ. ಮುಂಗೈಗಳು ಕಳಚಿ ಬರುವುದರಿಂದ ಸೀಳಿದ ಕೈಯನ್ನು ಬದಲಿಸುವುದು ಸುಲಭ. ಎಳೆಯುವಾಗ ನೇರವಾಗಿ ಎಳೆಯದೆ ತಿರುಗಿಸುತ್ತಾ ಎಳೆಯಬೇಕು.

ಹಲಗೆ ಈಗ ಬಿಸಿಲು ನೇರವಾಗಿ ಬೀಳದ ಗೋಡೆಯ ಬದಿಗಿದೆ. ದೂಳಿಗೆ ಚಿತ್ರ ಬಿಡಿಸುವ ಅಗಲ ಬ್ರಷ್ಷು ಸಾಕು. ಬಾಕಿ ಉಳಿದಿರುವುದು ಬಲಗಡೆಯ ಬುರುಜಿನ ಒಳಮೆಟ್ಟಿಲು ಮತ್ತು ಎರಡನೇ ಮನೆಯ ಕೆಂಪು ಕಿಟಕಿಬಾಗಿಲುಗಳು. ಜೋಡಿಯಲ್ಲಿ ಒಂದೊಂದೇ ಸಿಕ್ಕಿರುವುದರಿಂದ, ಮಿಕ್ಕವು ಸಿಗುವವರೆಗೆ ಆ ಕಿಟಕಿಗಳನ್ನು ಬೋಳಾಗಿಯೇ ಬಿಟ್ಟಿದ್ದೇನೆ.